ಹದಿನಾಲ್ಕು ಬೆಳಗಿನ ಮೊದಲ ಸಾಲು

ಮಂಗಳವಾರ ಸಂಜೆ ಆರು ಇಪ್ಪತ್ತಕ್ಕೆ ಮೇಷ್ಟ್ರು ಬಿಳಿ ಹಲಗೆಯ ಮೇಲೆ ಒಂದು ಸಾಲು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಟೆಕ್ಸ್ಟ್ ಫೈಲಿನ ಮೊದಲನೇ ಸಾಲನ್ನು ಓದಿ ಎಸೆದುಬಿಡುವ ಆಜ್ಞೆ ಅದು.

ಕಂಪ್ಯೂಟರ್ ಸಂಸ್ಥೆಯ ಸಂಜೆ ತರಗತಿಯಲ್ಲಿ ಹನ್ನೊಂದು ಜನ ಇದ್ದರು. ನಾಲ್ಕನೇ ಬೆಂಚಿನ ಕೊನೆಯಲ್ಲಿ ಕೂತವಳು ಮುದ್ರಣಾಲಯವೊಂದರ ಪ್ರೂಫ್ ರೀಡರ್. ಹಗಲೆಲ್ಲ ಬೇರೆಯವರ ಪುಟಗಳಲ್ಲಿ ಬಿಟ್ಟುಹೋದ ಸಾಲುಗಳನ್ನು ಹುಡುಕುವುದು ಅವಳ ಕೆಲಸ. ಈ ತರಗತಿಗೆ ಅವಳು ಸೇರಿ ನಾಲ್ಕು ವಾರವಾಗಿತ್ತು. ಸೇರಿದ ಕಾರಣವನ್ನು ಅರ್ಜಿಯಲ್ಲಿ ‘ಆಸಕ್ತಿ’ ಎಂದು ಬರೆದಿದ್ದಳು.

"ಫೈಲು ಅಂದ್ರೆ ಒಂದು ಮೂಟೆ ಅಂದ್ಕೊಳ್ಳಿ," ಮೇಷ್ಟ್ರು ಹೇಳುತ್ತಿದ್ದರು. "ಮೂಟೆ ಬಿಚ್ಚೋಕೆ ನಾವೇ ಹೋಗಲ್ಲ. ಅದಕ್ಕಂತ ಒಬ್ಬ ಆಳು ಇಟ್ಕೊತೀವಿ. ಅವನೇ ರೀಡರ್ ಅನ್ನೋ ಆಬ್ಜೆಕ್ಟ್. ಅವನು ಒಳಗಡೆ ಹೇಗೆ ಓದ್ತಾನೋ ನಮಗೆ ಬೇಡ. ಒಂದು ಸಾಲು ಕೊಡಪ್ಪಾ ಅಂದ್ರೆ ಕೊಡ್ತಾನೆ, ಬೆರಳನ್ನ ಮುಂದಿನ ಸಾಲಿನ ಮೇಲೆ ಇಡ್ತಾನೆ. ಕೊಟ್ಟಿದ್ದನ್ನ ಮತ್ತೆ ಕೊಡಲ್ಲ. ಎಲ್ಲಾ ಮುಗಿದ ಮೇಲೆ ಬರಿಗೈ ತೋರಿಸ್ತಾನೆ. ಆಗ ನೀವು ನಿಲ್ಲಿಸ್ಬೇಕು. ಅಷ್ಟೇ ಕಣ್ರೀ, ಇದರಲ್ಲಿ ಬ್ರಹ್ಮವಿದ್ಯೆ ಏನಿಲ್ಲ."

ಆಮೇಲೆ ಗೆರೆ ಎಳೆದ ಸಾಲನ್ನು ಬೆರಳಿನಿಂದ ಕುಟ್ಟಿದರು. "ಫೈಲಿನ ಮೊದಲನೇ ಸಾಲು ತಲೆಬರಹ. ಹೆಸರು, ಸಮಯ, ಫಲಿತಾಂಶ ಅಂತ ಇರುತ್ತೆ. ನಮಗೆ ಅದು ಬೇಡ. ಅದಕ್ಕೇ ಸಾಲು ಸಾಲಾಗಿ ಓದಿಸೋ ಲೂಪ್ ಶುರು ಮಾಡೋ ಮುಂಚೆ ಒಂದ್ಸಲ ಓದಿಸಿ ಎಸೆದುಬಿಡಿ. ನಾನು ಬರೆದ ಪ್ರತಿ ಪ್ರೋಗ್ರಾಮಲ್ಲೂ ಈ ಸಾಲು ಇದೆ. ಕೈಗೆ ಅಭ್ಯಾಸ ಆಗ್ಬೇಕು, ಹಲ್ಲುಜ್ಜಿದ ಹಾಗೆ."

ಮುಂದಿನ ಬೆಂಚಿನಲ್ಲಿದ್ದ ನಿವೃತ್ತ ಬಸ್ ಕಂಡಕ್ಟರ್ ಕೈ ಎತ್ತಿದರು. "ಸರ್, ತಲೆಬರಹ ಇಲ್ದೇ ಇರೋ ಫೈಲ್ ಬಂದ್ರೆ? ಮೊದಲು ಹತ್ತಿದ ಪ್ಯಾಸೆಂಜರ್‌ನ ಕೆಳಗೆ ತಳ್ಳಿ ರೈಟ್ ಅಂದಂಗೆ ಆಗಲ್ವಾ?"

ತರಗತಿ ನಕ್ಕಿತು. ಮೇಷ್ಟ್ರ ಕೈಯಲ್ಲಿದ್ದ ಪೆನ್ನು ಒಂದು ಗಳಿಗೆ ನಿಂತಿತು. ನಂತರ ಅವರೂ ನಕ್ಕರು.

"ಅವನು ಬಸ್ಸೇ ಹತ್ತಿರ್ಲಿಲ್ಲ ಅಂತ ವರದಿ ಬರೆದ್ರಾಯ್ತು ಬಿಡಿ." ಇನ್ನಷ್ಟು ನಗು. "ತಮಾಷೆ ಅಲ್ಲ ರೀ. ನಮ್ಮ ಆಸ್ಪತ್ರೆ ಲ್ಯಾಬಲ್ಲಿ ಒಬ್ಳು ಟೆಕ್ನಿಶಿಯನ್ ಇದ್ಲು. ಹದಿನಾಲ್ಕು ದಿನದಲ್ಲಿ ಹದಿನಾಲ್ಕು ಟ್ಯೂಬ್ ರಕ್ತ ಯಂತ್ರಕ್ಕೆ ಹಾಕೋದು ಮರೆತ್ಲು. ಕೇಳಿದ್ರೆ ನಿಮ್ಮ ಪ್ರೋಗ್ರಾಮ್ ಸರಿಯಿಲ್ಲ ಅಂತ ನನ್ನ ಮೇಲೇ ಬಂದ್ಲು. ನಾವು ಅವಳಿಗೆ ಸೊಳ್ಳೆ ಅಂತ ಹೆಸರಿಟ್ಟಿದ್ವಿ. ಮತ್ತೆ, ಅಷ್ಟು ರಕ್ತ ಎಲ್ಲಿಗೆ ಹೋಯ್ತು ಹೇಳಿ?"

ಪ್ರೂಫ್ ರೀಡರ್ ಕೂಡ ನಕ್ಕಳು. ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕಳು. ಆ ಟೆಕ್ನಿಶಿಯನ್ ಅವಳ ಅಕ್ಕ. ಅದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಹಗಲು ಹೊತ್ತು ಮೇಷ್ಟ್ರು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಹನ್ನೊಂದು ತಿಂಗಳ ಹಿಂದೆ ಅವರು ಸಹಿ ಮಾಡಿದ ಒಂದೂವರೆ ಪುಟದ ವರದಿಯ ಪ್ರತಿ ತಂಗಿಯ ಕೈಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ‘ಪ್ರೋಗ್ರಾಮಿನಲ್ಲಿ ದೋಷವಿಲ್ಲ. ಸದರಿ ಟ್ಯೂಬುಗಳನ್ನು ಯಂತ್ರಕ್ಕೆ ಹಾಕಿದ ದಾಖಲೆ ಇಲ್ಲ’ ಎಂಬ ಎರಡು ವಾಕ್ಯಗಳ ಮೇಲೆ ಅಕ್ಕನ ಹದಿನೇಳು ವರ್ಷದ ಕೆಲಸ ಮುಗಿದುಹೋಗಿತ್ತು. ಅಚ್ಚಾದ ಯಾವ ವಾಕ್ಯವನ್ನೂ ತಂಗಿ ಒಂದೇ ಸಲ ಓದಿ ನಂಬುವವಳಲ್ಲ. ಅದನ್ನು ಬರೆದ ಕೈಯನ್ನು ಹತ್ತಿರದಿಂದ ನೋಡಲೆಂದೇ ತರಗತಿಗೆ ಸೇರಿದ್ದಳು.

ನಡೆದದ್ದು ಇಷ್ಟು. ಲ್ಯಾಬಿಗೆ ರಕ್ತ ಪರೀಕ್ಷೆಯ ಹೊಸ ಯಂತ್ರ ಬಂತು. ಒಂದೇ ಸಲಕ್ಕೆ ನಲವತ್ತು ಟ್ಯೂಬ್ ಹಿಡಿಯುವ ಯಂತ್ರ. ಅದು ಪ್ರತಿ ಟ್ಯೂಬಿನ ಫಲಿತಾಂಶವನ್ನು ಆ ದಿನದ ಟೆಕ್ಸ್ಟ್ ಫೈಲಿನಲ್ಲಿ ಒಂದೊಂದು ಸಾಲಾಗಿ ಬರೆಯುತ್ತದೆ. ಮೇಷ್ಟ್ರು ಹಳೆಯ ಯಂತ್ರಕ್ಕೆಂದು ಬರೆದಿದ್ದ ಪ್ರೋಗ್ರಾಮ್ ಆ ಫೈಲನ್ನು ಓದಿ ಫಲಿತಾಂಶಗಳನ್ನು ಪರದೆಗೆ ತರುತ್ತದೆ. ಅಪಾಯದ ಅಂಕಿ ಇದ್ದರೆ ಕೆಂಪಾಗಿ ತೋರಿಸುತ್ತದೆ, ಟೆಕ್ನಿಶಿಯನ್ ಕೂಡಲೇ ವಾರ್ಡಿಗೆ ಫೋನ್ ಮಾಡಬೇಕು. ಹೊಸ ಯಂತ್ರ ಬಂದ ದಿನದಿಂದ ಅಕ್ಕನ ಬೆಳಗಿನ ಪಾಳಿಯಲ್ಲಿ ದಿನಕ್ಕೊಂದು ಟ್ಯೂಬಿನ ಫಲಿತಾಂಶ ಪರದೆಗೆ ಬರಲಿಲ್ಲ. ಅವು ಪ್ರತಿಸಲವೂ ತುರ್ತು ಟ್ಯೂಬುಗಳೇ. ಎರಡನೇ ಸಲ ಹಾಕಿದರೆ ಬರುತ್ತಿತ್ತು. ಐದನೇ ದಿನ ಅಕ್ಕ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದಳು. "ಆರು ವರ್ಷದಿಂದ ಓಡ್ತಿರೋ ಪ್ರೋಗ್ರಾಮ್ ಅದು. ಅವಸರದಲ್ಲಿ ಟ್ಯೂಬ್ ಸರಿಯಾಗಿ ಕೂರಿಸ್ತಿಲ್ಲ ನೀವು, ನಿಮ್ಮ ಕೈ ನೋಡ್ಕೊಳ್ಳಿ," ಎಂದು ಮೇಷ್ಟ್ರೇ ಉತ್ತರಿಸಿದರು. ಹದಿನಾಲ್ಕನೇ ದಿನ ಕಾಣೆಯಾದದ್ದು ಮೂತ್ರಪಿಂಡದ ತೊಂದರೆಯಿದ್ದ ಒಬ್ಬ ಬಡಗಿಯ ಫಲಿತಾಂಶ. ಒಂಬತ್ತೂವರೆಗೆ ವಾರ್ಡಿನಿಂದ ವಿಚಾರಿಸಿದಾಗ ಅಕ್ಕ ಟ್ಯೂಬನ್ನು ಮತ್ತೆ ಹಾಕಿದಳು. ಹತ್ತು ಇಪ್ಪತ್ತಕ್ಕೆ ಪರದೆ ಕೆಂಪಾಯಿತು. ಹತ್ತು ನಲವತ್ತಕ್ಕೆ ಬಡಗಿ ತೀರಿಕೊಂಡ. ಅಂದೇ ಅಕ್ಕನನ್ನು ಪಾಳಿಯಿಂದ ತೆಗೆದರು, ಯಂತ್ರವನ್ನೂ ನಾಲ್ಕು ದಿನ ನಿಲ್ಲಿಸಿದರು.

ಲ್ಯಾಬ್ ಟೆಕ್ನಿಶಿಯನ್ನರ ನೋಂದಣಿ ನೋಡಿಕೊಳ್ಳುವ ಪರಿಷತ್ತು ಅಕ್ಕನ ನೋಂದಣಿಯನ್ನು ಒಂದು ವರ್ಷ ಅಮಾನತು ಮಾಡಿತು. ವರ್ಷ ತುಂಬುವ ಮುನ್ನ ಕೊನೆಯ ವಿಚಾರಣೆ. ಅಲ್ಲಿ ನೋಂದಣಿ ರದ್ದಾದರೆ ಅವಳು ಇನ್ನು ಯಾವ ಲ್ಯಾಬಿನಲ್ಲೂ ಟ್ಯೂಬ್ ಮುಟ್ಟುವಂತಿಲ್ಲ. ಮೇಷ್ಟ್ರು ಸೊಳ್ಳೆಯ ಕತೆ ಹೇಳಿದ ದಿನಕ್ಕೆ ವಿಚಾರಣೆಗೆ ಇಪ್ಪತ್ತೆರಡು ದಿನ ಉಳಿದಿತ್ತು.

ಅಂದು ತಂಗಿ ಮನೆಗೆ ಬಂದಾಗ ಅಕ್ಕ ನೆಲದ ಮೇಲೆ ಕೂತು ಔಷಧಿ ಅಂಗಡಿಗೆ ಕಾಗದದ ಚೀಲ ಅಂಟಿಸುತ್ತಿದ್ದಳು. ಐವತ್ತು ಚೀಲದ ಕಟ್ಟನ್ನು ತಾನು ಎರಡು ಸಲ ಎಣಿಸಿ, ಮೂರನೇ ಸಲ ಎಣಿಸಲು ಅಮ್ಮನ ಕೈಗೆ ಕೊಡುವುದು ಈಚೆಗೆ ಅವಳ ರೂಢಿ. ಒಲೆ ಆರಿಸಿದ್ದೇನಾ, ಬಾಗಿಲು ಹಾಕಿದ್ದೇನಾ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ತನ್ನ ಕೈಯ ಮೇಲಿನ ನಂಬಿಕೆ ಅವಳಿಗೆ ಹೋಗಿತ್ತು.

"ಅಕ್ಕ, ಬೆಳಿಗ್ಗೆ ಹೋದ ತಕ್ಷಣ ಯಂತ್ರಕ್ಕೆ ಮೊದಲು ಯಾವ ಟ್ಯೂಬ್ ಹಾಕ್ತಿದ್ದೆ?"

"ಮತ್ತೆ ಶುರು ಮಾಡ್ಬೇಡ ಕಣೇ."

"ಇದೊಂದು ಹೇಳು."

"ಇನ್ಯಾವ್ದು? ತುರ್ತಿಂದು. ಕೆಂಪು ಚೀಟಿ ಇರೋದ್ರಲ್ಲೇ ತೀರಾ ತುರ್ತು ಯಾವುದೋ ಅದು. ಪಾಪ, ಅವರು ಕಾಯ್ತಿರ್ತಾರಲ್ಲ."

"ದಿನಾ?"

"ಹದಿನೇಳು ವರ್ಷ ದಿನಾ."

"ಅವಳು ಚಿಕ್ಕೋಳಿದ್ದಾಗ್ಲೂ ಅಷ್ಟೇ," ಅಮ್ಮ ಚೀಲ ಎಣಿಸುತ್ತಲೇ ಹೇಳಿದಳು. "ಯಾವ ಮಗು ಜೋರಾಗಿ ಅಳುತ್ತೋ ಅದಕ್ಕೆ ಮೊದಲು ಕೊಡೋಳು. ನೀನು ಜೋರಾಗಿ ಅಳ್ತಿದ್ದೆ, ಅದಕ್ಕೇ ಇಷ್ಟು ದಪ್ಪ ಆದೆ. ಥೂ, ಲೆಕ್ಕ ತಪ್ಪಿಸಿದ್ರಲ್ಲೇ."

ತಂಗಿ ಹತ್ತು ಚೀಲ ತೆಗೆದುಕೊಂಡು ಒಂದರಿಂದ ಹತ್ತರವರೆಗೆ ಸಂಖ್ಯೆ ಬರೆದಳು. ಒಂದನೇ ಚೀಲದ ಮೇಲೆ ‘ತುರ್ತು’ ಎಂದೂ ಬರೆದು ಒಂದರ ಮೇಲೊಂದು ಜೋಡಿಸಿದಳು.

"ಇದು ಯಂತ್ರ ಬರೆದ ಫೈಲು. ನಾನು ಅವರ ಪ್ರೋಗ್ರಾಮು. ಹಳೇ ಯಂತ್ರದಲ್ಲಿ ಎಲ್ಲಕ್ಕಿಂತ ಮೇಲೆ ಒಂದು ತಲೆಬರಹದ ಸಾಲು ಇರ್ತಿತ್ತು. ಅದು ಬೇಡ ಅಂತ ನಾನು ಮೇಲಿಂದ ಒಂದು ತೆಗೆದು ಎಸೀತೀನಿ." ಒಂದನೇ ಚೀಲವನ್ನು ಎತ್ತಿ ಹಿಂದಕ್ಕೆ ಎಸೆದಳು. "ಈಗ ಓದೋಕೆ ಶುರು. ಎರಡು. ಮೂರು. ನಾಲ್ಕು. ಹೊಸ ಯಂತ್ರ ತಲೆಬರಹ ಬರೀತಿತ್ತಾ?"

ಅಕ್ಕ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಹೊಸ ಯಂತ್ರದ ಪುಟ್ಟ ಪರದೆಯಲ್ಲಿ ಸಾಲುಗಳು ಸರಸರನೆ ಏಳುವುದನ್ನು ಅವಳು ಹದಿನಾಲ್ಕು ಬೆಳಗು ಓರೆಗಣ್ಣಿನಲ್ಲಿ ಕಂಡಿದ್ದಳು; ಅಂಕಿಗಳನ್ನು ಓದುತ್ತಿದ್ದದ್ದು ದೊಡ್ಡ ಪರದೆಯಲ್ಲಿ ಮಾತ್ರ. "ಇಲ್ಲ. ಸೀದಾ ಟ್ಯೂಬ್ ನಂಬರಿಂದಾನೇ ಶುರು ಆಗ್ತಿತ್ತು."

ಎಸೆದ ಚೀಲ ಬಾಗಿಲ ಹತ್ತಿರ ಬಿದ್ದಿತ್ತು. ಅಕ್ಕ ಅದನ್ನೇ ನೋಡುತ್ತ ಕೂತಳು. ಅಂಟು ಒಣಗುವಷ್ಟು ಹೊತ್ತಾಯಿತು.

"ಅಂದ್ರೆ ನಾನು ಹಾಕಿದ್ದೆ," ಎಂದಳು.

"ಹಾಕಿದ್ದೆ."

"ಹದಿನಾಲ್ಕನೇದನ್ನೂ?"

"ಎಲ್ಲಕ್ಕಿಂತ ಮೊದಲು ಹಾಕಿದ್ದೆ. ಅದಕ್ಕೇ ಕಾಣೆಯಾಯ್ತು."

ಅಕ್ಕ ಅಳಲಿಲ್ಲ. ಅವಳೇ ಒಂದು ಕೊಕ್ಕೆ ಹಾಕಿದಳು. "ಹಾಗಾದ್ರೆ ನಾನು ಬಿಟ್ಟ ಮೇಲೆ ಯಾಕೆ ಒಂದೂ ತಪ್ಪಿಲ್ಲ? ಅವಳು ಹೋದ್ಲು, ಕಾಟ ಹೋಯ್ತು ಅಂತ ಎಲ್ಲರೂ ಅಂದ್ರಲ್ಲ. ಪ್ರೋಗ್ರಾಮ್ ಅದೇ, ಯಂತ್ರ ಅದೇ."

ತಂಗಿ ಬಾಗಿಲ ಹತ್ತಿರದ ಚೀಲವನ್ನು ಎತ್ತಿ ತಂದು ಮತ್ತೆ ಎಲ್ಲದರ ಮೇಲಿಟ್ಟಳು.

ಉತ್ತರ ಗುರುವಾರ ಮಧ್ಯಾಹ್ನ ಎರಡೂ ಕಾಲಿಗೆ ಆಸ್ಪತ್ರೆಯ ಹಿಂದಿನ ಗೇಟಿನ ಸೈಕಲ್ ನಿಲ್ದಾಣದಲ್ಲಿ ಸಿಕ್ಕಿತು. ಅಕ್ಕನ ಜಾಗಕ್ಕೆ ಬಂದ ಟೆಕ್ನಿಶಿಯನ್ ಪಾಳಿ ಮುಗಿಸಿ ಬೀಗ ತೆಗೆಯುತ್ತಿದ್ದ. ನಲವತ್ತು ದಾಟಿದ ಮನುಷ್ಯ. ತಂಗಿ ಯಾರೆಂದು ತಿಳಿದ ಮೇಲೆ ಬೀಗವನ್ನು ಕೈಯಲ್ಲೇ ಹಿಡಿದು ನಿಂತ.

"ನೋಡಮ್ಮ, ನಾನು ಯಾರ ಅನ್ನಾನೂ ಕಿತ್ಕೊಂಡೋನಲ್ಲ. ಖಾಲಿ ಇದೆ ಅಂದ್ರು, ಬಂದೆ."

"ನಿಮ್ಮ ಮೇಲೆ ಕೋಪ ಇಲ್ಲಣ್ಣ. ಒಂದೇ ಒಂದು ಕೇಳ್ಬೇಕಿತ್ತು. ಬೆಳಿಗ್ಗೆ ಯಂತ್ರಕ್ಕೆ ಮೊದಲು ಏನ್ ಹಾಕ್ತೀರ?"

"ಕಂಟ್ರೋಲ್ ಟ್ಯೂಬ್."

ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಲು ಹಾಕುವ ದ್ರವದ ಟ್ಯೂಬ್ ಅದು. ಅದರ ಅಂಕಿ ಮೊದಲೇ ಗೊತ್ತಿರುತ್ತದೆ. ಬೆಳಿಗ್ಗೆ ತುರ್ತು ರೋಗಿಗಳು ಕಾಯಬಾರದೆಂದು ಅದನ್ನು ಹಿಂದಿನ ದಿನ ಲ್ಯಾಬ್ ಮುಚ್ಚುವ ಮುನ್ನ ಹಾಕಿ ನೋಡುವುದು ಅಲ್ಲಿಯ ಹಳೆಯ ಪದ್ಧತಿ. ಅಕ್ಕ ಹದಿನೇಳು ವರ್ಷ ಹಾಗೇ ಮಾಡಿದ್ದಳು.

"ಬೆಳಿಗ್ಗೆ ಹಾಕಿ ಅಂದೋರು ಯಾರು?"

"ಕಂಪ್ಯೂಟರ್ ಸಾಹೇಬ್ರು. ಗೋಡೆಗೆ ಚೀಟಿ ಅಂಟಿಸಿದಾರಲ್ಲ. ನನಗೂ ವಿಚಿತ್ರ ಅನ್ನಿಸ್ತು, ಟ್ಯೂಬ್ ಯಾವ ಸಾಲಲ್ಲಿ ಹಾಕ್ಬೇಕು ಅಂತ ಕಂಪ್ಯೂಟರ್‌ನೋರು ಯಾಕೆ ಹೇಳ್ಬೇಕು ಅಂತ. ಇನ್ನೊಂದು ವಿಚಿತ್ರ. ಆ ಕಂಟ್ರೋಲಿನ ಅಂಕಿ ದೊಡ್ಡ ಪರದೆಗೆ ಬರೋದೇ ಇಲ್ಲ. ಕೇಳಿದ್ರೆ, ಅದು ನಿಮಗೆ ಬೇಡ, ಯಂತ್ರದ ಮೇಲೇ ನೋಡ್ಕೊಳ್ಳಿ ಅಂದ್ರು."

ಅವನು ಫೋನಿನಲ್ಲಿ ಚೀಟಿಯ ಚಿತ್ರ ತೋರಿಸಿದ. ಸಹಿ ಇತ್ತು. ತಾರೀಖೂ ಇತ್ತು: ಬಡಗಿ ಸತ್ತ ನಾಲ್ಕನೇ ದಿನ. ‘ಪ್ರೋಗ್ರಾಮಿನಲ್ಲಿ ದೋಷವಿಲ್ಲ’ ಎಂಬ ವರದಿಗೆ ಮೇಷ್ಟ್ರು ಸಹಿ ಹಾಕಿದ್ದು ಒಂಬತ್ತನೇ ದಿನ.

ತಂಗಿ ಫುಟ್‌ಪಾತಿನ ಕಟ್ಟೆಯ ಮೇಲೆ ಕೂತು ಆ ಎರಡು ತಾರೀಖುಗಳನ್ನು ಅಕ್ಕಪಕ್ಕ ಬರೆದು ನೋಡಿದಳು. ಸಾವು ನಡೆದ ಮೇಲೆ ಮೇಷ್ಟ್ರು ಯಂತ್ರದ ಫೈಲನ್ನು ತೆರೆದಿದ್ದಾರೆ. ಮೊದಲನೇ ಸಾಲು ನೋಡಿದ್ದಾರೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಅಳಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಅಳಿಸಿದರೆ ಪ್ರೋಗ್ರಾಮಿನ ತಾರೀಖು ಬದಲಾಗುತ್ತದೆ, ಯಾವಾಗ ಯಾಕೆ ಮುಟ್ಟಿದಿರಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಪ್ರೋಗ್ರಾಮನ್ನು ಮುಟ್ಟದೆ, ಎಸೆಯಲು ಬೇರೊಂದು ಟ್ಯೂಬನ್ನು ಕೊಟ್ಟಿದ್ದಾರೆ. ಐದು ದಿನ ಬಿಟ್ಟು ಅಕ್ಕನ ಮೇಲೆ ವರದಿ ಬರೆದಿದ್ದಾರೆ.

ಅಲ್ಲಿಯವರೆಗೆ ತಂಗಿಯ ಚೀಲದಲ್ಲಿ ಆಸ್ಪತ್ರೆಯ ಮುಖ್ಯಾಧಿಕಾರಿಗೆ ಬರೆದ ಒಂದು ಸೌಮ್ಯವಾದ ಪತ್ರವಿತ್ತು. ‘ಕಣ್ತಪ್ಪಿನಿಂದ ಆಗಿರಬಹುದಾದ’ ಎಂಬ ಮಾತು ಅದರಲ್ಲಿ ಎರಡು ಕಡೆ ಬರುತ್ತಿತ್ತು. ಅದನ್ನು ಅವಳು ಅಲ್ಲೇ ನಾಲ್ಕಾಗಿ ಹರಿದಳು. ಅವಳಿಗೆ ಈಗ ಬೇಕಾಗಿದ್ದದ್ದು ನ್ಯಾಯ ಎಂದರೆ ಅರ್ಧ ಸತ್ಯವಾದೀತು. ಅಕ್ಕ ವರ್ಷವಿಡೀ ತನ್ನ ಕೈಗಳನ್ನು ನೋಡಿಕೊಂಡ ಹಾಗೆ ಆ ಮನುಷ್ಯ ತನ್ನ ಕೈಗಳನ್ನು ನೋಡಿಕೊಳ್ಳಬೇಕು, ಅದೂ ನಾಲ್ಕು ಜನರ ಎದುರಿಗೆ ಎಂಬುದು ಉಳಿದರ್ಧ.

ಹೊಸ ಅರ್ಜಿಯನ್ನು ಅವಳು ಪರಿಷತ್ತಿನ ಅಧ್ಯಕ್ಷೆಗೆ ಬರೆದಳು. ಒಂದೇ ಪುಟ. ಆರೋಪ ಇಲ್ಲ, ವಿಶೇಷಣ ಇಲ್ಲ. ಆ ಹದಿನಾಲ್ಕು ದಿನಗಳ ಫೈಲುಗಳಿರುವ ಯಂತ್ರದ ಕಂಪ್ಯೂಟರಿಗೆ ವಿಚಾರಣೆಯವರೆಗೆ ಮೊಹರು ಹಾಕಬೇಕು, ಫೈಲುಗಳನ್ನು ಪ್ರೋಗ್ರಾಮಿನ ಮೂಲಕವಲ್ಲದೆ ನೇರವಾಗಿ ತೆರೆದು ನೋಡಬೇಕು ಎಂಬ ಎರಡೇ ಕೋರಿಕೆ. ಅಕ್ಕ ಸಹಿ ಹಾಕಿದಳು, ಸಹಿಯನ್ನು ಮೂರು ಸಲ ನೋಡಿದಳು. ತಂಗಿ ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ ರಸೀದಿ ಇಟ್ಟುಕೊಂಡಳು.

ಪ್ರೋಗ್ರಾಮೂ ಬೇಕಿತ್ತು. ಅದು ಕಣ್ಣೆದುರೇ ಇತ್ತು. ಸಂಸ್ಥೆಯ ಪಾಠದ ಕೈಪಿಡಿಯನ್ನು ಬರೆದವರು ಮೇಷ್ಟ್ರೇ. ಹೊಸ ಯಂತ್ರ ಬರುವುದಕ್ಕೂ ಎಷ್ಟೋ ಮೊದಲು ಅಚ್ಚಾದ ಪುಸ್ತಕ. ಅದರ ಎಂಟನೇ ಪಾಠದಲ್ಲಿ ಆಸ್ಪತ್ರೆಯ ಪ್ರೋಗ್ರಾಮನ್ನು ಹೆಮ್ಮೆಯಿಂದ ಪೂರ್ತಿ ಕೊಟ್ಟಿದ್ದರು. ಮುಂದಿನ ತರಗತಿ ಮುಗಿದ ಮೇಲೆ ತಂಗಿ ಕೈಪಿಡಿ ಹಿಡಿದು ಮೇಜಿನ ಬಳಿ ಹೋದಳು.

"ಸರ್, ಪುಸ್ತಕದಲ್ಲಿರೋದು ಪಾಠಕ್ಕೆ ಅಂತ ಬರೆದದ್ದಾ, ಇಲ್ಲಾ ನಿಜವಾಗ್ಲೂ ಎಲ್ಲಾದ್ರೂ ಓಡುತ್ತಾ?"

"ಓಡುತ್ತಾ ಅಂದ್ರೆ? ಇವತ್ತು ಬೆಳಿಗ್ಗೆನೂ ಓಡಿದೆ ಕಣಮ್ಮ. ಏಳು ವರ್ಷ ಆಯ್ತು, ಒಂದು ಅಕ್ಷರ ಬದಲಾಯಿಸಿಲ್ಲ."

"ಅಬ್ಬಾ! ನಮ್ಮ ಪ್ರೆಸ್ಸಲ್ಲಿ ಏಳು ಸಾಲು ತಪ್ಪಿಲ್ದೆ ಬರೆಯೋರು ಸಿಗಲ್ಲ ಸರ್. ಇದರ ಮೇಲೆ ನಿಮ್ಮ ಕೈಯಿಂದ ಒಂದು ಮಾತು ಬರೆದುಕೊಡಿ. ನೆನಪಿಗೆ ಇರಲಿ."

ಹೊಗಳಿಕೆಗೆ ಹೊಟ್ಟೆ ತುಂಬದವರಿಲ್ಲ. ಮೇಷ್ಟ್ರು ಪೆನ್ನು ತೆಗೆದು, ಪ್ರೋಗ್ರಾಮಿನ ಕೆಳಗೆ ‘ಏಳು ವರ್ಷ. ಇಂದಿಗೂ ಹೀಗೆಯೇ ಓಡುತ್ತಿದೆ’ ಎಂದು ಬರೆದು ಸಹಿ ಮಾಡಿದರು.

"ತಾರೀಖು ಸರ್," ತಂಗಿ ನೆನಪಿಸಿದಳು. ಅವರು ತಾರೀಖನ್ನೂ ಹಾಕಿದರು.

ವಿಚಾರಣೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಇತ್ತು. ಹತ್ತೂ ಮುಕ್ಕಾಲಿಗೆ ಪರಿಷತ್ತಿನ ಕಚೇರಿಯ ಹಜಾರದಲ್ಲಿ ಮೇಷ್ಟ್ರು ಅಕ್ಕನನ್ನೂ ಪಕ್ಕದಲ್ಲಿದ್ದ ವಿದ್ಯಾರ್ಥಿನಿಯನ್ನೂ ಒಟ್ಟಿಗೆ ನೋಡಿದರು. ಯಂತ್ರದ ಕಂಪ್ಯೂಟರಿಗೆ ಮೊಹರು ಬಿದ್ದು ಆಗಲೇ ಆರು ದಿನವಾಗಿತ್ತು. ಈ ಆರು ದಿನದಲ್ಲಿ ಅವರ ಮುಖದ ಬಣ್ಣ ಇಳಿದಿತ್ತು.

"ನೀನು ಇಲ್ಲೇನಮ್ಮ?"

"ಅಕ್ಕನ ಜೊತೆ ಬಂದೆ ಸರ್."

ಅವರು ಇಬ್ಬರನ್ನೂ ಕಿಟಕಿಯ ಕಡೆ ಕರೆದರು. ದನಿ ತಗ್ಗಿಸಿ ಅಕ್ಕನಿಗೆ ಹೇಳಿದರು, "ನೋಡಮ್ಮ, ಆಗಿದ್ದು ಆಯ್ತು. ಯಂತ್ರ ಫೈಲು ಕಳಿಸಿದ ರೀತಿನೇ ಸರಿಯಿರಲಿಲ್ಲ ಅಂತ ನಾನೇ ಒಳಗೆ ಹೇಳ್ತೀನಿ. ನಿಮ್ಮ ನೋಂದಣಿ ವಾಪಸ್ ಬರುತ್ತೆ, ಕೆಲಸಾನೂ ಬರುತ್ತೆ. ಫೈಲು ತೆಗೆಸೋದು, ಚೀಟಿ ತೋರಿಸೋದು, ಅದೆಲ್ಲ ಯಾಕೆ? ನನಗೂ ಮಕ್ಕಳಿದಾರೆ."

ತಂಗಿ ಬಾಯಿ ತೆರೆದಳು. ಅಕ್ಕ ಅವಳ ಮಣಿಕಟ್ಟು ಹಿಡಿದಳು. ಅಕ್ಕ ಒಪ್ಪಿಬಿಡುತ್ತಾಳೆ ಎಂದು ತಂಗಿಗೆ ಆ ಕ್ಷಣಕ್ಕೆ ಖಾತ್ರಿಯಾಯಿತು. ಕೆಲಸ ವಾಪಸ್ ಬರುತ್ತದೆ ಎಂಬ ಮಾತಿಗೆ ಅಕ್ಕ ಹನ್ನೊಂದು ತಿಂಗಳು ಕಾದಿದ್ದಳು. ಒಪ್ಪಿದರೆ ಅಡ್ಡ ಬರುವ ಹಕ್ಕು ತನಗಿಲ್ಲ ಎಂಬುದೂ ತಂಗಿಗೆ ಗೊತ್ತಿತ್ತು.

"ಐದನೇ ದಿನ ನಾನು ಫೋನ್ ಮಾಡಿದ್ದೆ," ಅಕ್ಕ ಹೇಳಿದಳು. "ಆಗ ಆ ಫೈಲ್ ತೆಗೆದು ನೋಡೋಕೆ ನಿಮಗೆ ಎಷ್ಟು ಹೊತ್ತು ಬೇಕಿತ್ತು?"

ಮೇಷ್ಟ್ರು ಕೋಣೆಯ ಬಾಗಿಲ ಕಡೆ ನೋಡಿದರು.

"ಒಂದು ನಿಮಿಷ?"

"ಅಷ್ಟೂ ಬೇಕಿರಲಿಲ್ಲ," ತಂಗಿ ಹೇಳಿದಳು.

"ಹಾಗಾದ್ರೆ ಒಳಗೆ ಹೋಗೋಣ," ಎಂದು ಅಕ್ಕ ಮುಂದೆ ನಡೆದಳು.

ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಅಧ್ಯಕ್ಷೆ ಮತ್ತು ಇಬ್ಬರು ಸದಸ್ಯರು. ಅಧ್ಯಕ್ಷೆ ನಿವೃತ್ತ ವೈದ್ಯೆ, ಕಡಿಮೆ ಮಾತಿನವರು. ಎಡಗಡೆ ಸಾಕ್ಷಿಗಳ ಕುರ್ಚಿಗಳಲ್ಲಿ ಹೊಸ ಟೆಕ್ನಿಶಿಯನ್, ಅವನ ಪಕ್ಕದಲ್ಲಿ ಸತ್ತ ಬಡಗಿಯ ಹೆಂಡತಿ. ಅಕ್ಕನ ಮೇಲೆ ಮೊದಲು ದೂರು ಕೊಟ್ಟವಳು ಆಕೆಯೇ. ಆಕೆ ಅಕ್ಕನ ಕಡೆ ನೋಡಲಿಲ್ಲ. ಮೊಹರು ಒಡೆದ ಕಂಪ್ಯೂಟರನ್ನು ಮೇಜಿನ ಬಲತುದಿಯಲ್ಲಿ ಇಟ್ಟಿದ್ದರು.

ಮೇಷ್ಟ್ರು ಮೊದಲು ತಮ್ಮ ವರದಿಯನ್ನು ಸಮರ್ಥಿಸಿಕೊಂಡರು. ಪ್ರೋಗ್ರಾಮಿನ ದಾಖಲೆಯಲ್ಲಿ ಆ ಟ್ಯೂಬುಗಳು ಇಲ್ಲ ಎಂದು ಪಟ್ಟಿ ತೋರಿಸಿದರು. ಅಧ್ಯಕ್ಷೆ ಅಕ್ಕನನ್ನು ನೋಡಿದರು. "ನೀವೇನು ಹೇಳ್ತೀರಿ?"

ಹೇಳಬೇಕಾದದ್ದನ್ನೆಲ್ಲ ತಂಗಿ ಎರಡು ಪುಟ ಬರೆದುಕೊಟ್ಟಿದ್ದಳು. ಅಕ್ಕ ಆ ಪುಟಗಳನ್ನು ಮಡಚಿ ಕುರ್ಚಿಯ ಮೇಲೆ ಇಟ್ಟಳು.

"ಮೇಡಂ, ನಾನೇನೂ ಹೇಳಲ್ಲ. ಇವರು ಓದಲಿ. ಹದಿನಾಲ್ಕು ಫೈಲಿದೆ. ಪ್ರೋಗ್ರಾಮ್ ಬೇಡ. ಅವರ ಕಣ್ಣಿಂದ, ಅವರ ಬಾಯಿಂದ. ಪ್ರತಿ ಫೈಲಿನ ಮೊದಲನೇ ಸಾಲು ಒಂದೇ ಸಾಕು."

ಮೇಷ್ಟ್ರು ಕಂಪ್ಯೂಟರ್ ಎದುರು ನಿಂತರು. ಕೂರಲು ಅಲ್ಲಿ ಕುರ್ಚಿ ಇರಲಿಲ್ಲ. ಮೊದಲನೇ ದಿನದ ಫೈಲ್ ತೆರೆದು ಬೇಗ ಬೇಗ ಏನೋ ಗೊಣಗಿದರು.

"ಕೇಳಿಸ್ಲಿಲ್ಲ," ಅಕ್ಕ ಹೇಳಿದಳು.

"ಟ್ಯೂಬ್ ನಾಲ್ಕು ಸಾವಿರದ ಹನ್ನೆರಡು. ಏಳು ಗಂಟೆ ನಾಲ್ಕು ನಿಮಿಷ. ಸಕ್ಕರೆ ಮುನ್ನೂರ ಎಂಬತ್ತು."

ಅಧ್ಯಕ್ಷೆಯ ಕೈಯಲ್ಲಿ ಕಾಣೆಯಾದ ಟ್ಯೂಬುಗಳ ಪಟ್ಟಿ ಇತ್ತು. ಅವರು ಮೊದಲನೇ ಸಂಖ್ಯೆಯ ಮುಂದೆ ಗುರುತು ಹಾಕಿದರು. "ಹೂಂ. ಮುಂದೆ."

ಎರಡನೇ ದಿನ. ಏಳು ಗಂಟೆ ಎರಡು ನಿಮಿಷ. ಗುರುತು. ಮೂರನೇ ದಿನ. ಗುರುತು. ಐದನೆಯದಕ್ಕೆ ಬರುವಷ್ಟರಲ್ಲಿ ಕೋಣೆಯಲ್ಲಿ ಇನ್ನು ಯಾರಿಗೂ ವಿವರಣೆ ಬೇಕಾಗಿರಲಿಲ್ಲ. ಸದಸ್ಯರೊಬ್ಬರು, ಇಷ್ಟು ಸಾಕಲ್ಲವೇ, ವಿಷಯ ಸ್ಪಷ್ಟವಾಯಿತಲ್ಲ ಎಂದರು.

"ನನಗೆ ಹದಿನಾಲ್ಕೂ ಬೇಕು ಸರ್," ಅಕ್ಕ ಹೇಳಿದಳು. "ನನ್ನ ಮೇಲೆ ಹದಿನಾಲ್ಕೂ ಬರೆದಿದ್ರು."

ಅಧ್ಯಕ್ಷೆ ಪೆನ್ನಿನಿಂದ ಸನ್ನೆ ಮಾಡಿದರು. ಮೇಷ್ಟ್ರು ಓದಿದರು. ಒಂಬತ್ತನೆಯದರ ನಡುವೆ ಅವರು ಕೆಮ್ಮಿದರು. ಬಾಗಿಲ ಬಳಿಯ ಜವಾನ ನೀರಿನ ಲೋಟ ಎತ್ತಿಕೊಂಡ.

"ಓದಿ ಮುಗಿಸ್ಲಿ," ಅಕ್ಕ ಹೇಳಿದಳು. "ಆಮೇಲೆ ನೀರು."

ತಂಗಿ ಅಕ್ಕನ ಮುಖ ನೋಡಿದಳು. ಒಲೆ ಆರಿಸಿದ್ದೀನಾ ಎಂದು ಕೇಳುವ ಮುಖ ಅದಾಗಿರಲಿಲ್ಲ. ಮೂರು ವಾರ ತಾನೇ ಸೇಡಿನ ಯಜಮಾನಿ ಎಂದುಕೊಂಡಿದ್ದ ತಂಗಿಗೆ, ತನ್ನದು ಬರೀ ಗುಮಾಸ್ತೆಯ ಕೆಲಸ ಎಂದು ಆಗ ಗೊತ್ತಾಯಿತು. ಜವಾನ ಲೋಟವನ್ನು ಕೆಳಗಿಟ್ಟ.

ಹತ್ತು. ಹನ್ನೊಂದು. ಹನ್ನೆರಡು. ಹದಿಮೂರು.

ಹದಿನಾಲ್ಕನೇ ಫೈಲ್ ತೆರೆದ ಮೇಲೆ ಮೇಷ್ಟ್ರು ಪರದೆಯಿಂದ ಮುಖ ತಿರುಗಿಸಿದರು. ಅಕ್ಕ ಎದ್ದು ಅವರ ಪಕ್ಕಕ್ಕೆ ಹೋಗಿ ಪರದೆ ನೋಡಿದಳು. ಅವಳೂ ಆ ಸಾಲನ್ನು ಓದುತ್ತಿದ್ದದ್ದು ಅದೇ ಮೊದಲು.

"ಓದಿ," ಎಂದಳು.

"ಟ್ಯೂಬ್ ನಾಲ್ಕು ಸಾವಿರದ ಒಂಬೈನೂರ ಮೂವತ್ತೇಳು. ಏಳು ಗಂಟೆ ಆರು ನಿಮಿಷ. ಪೊಟ್ಯಾಸಿಯಂ ಏಳು ಪಾಯಿಂಟ್ ಒಂದು."

ಬಡಗಿಯ ಹೆಂಡತಿ ಮೊದಲ ಸಲ ಮಾತಾಡಿದಳು. "ಹಾಗಂದ್ರೇನು?"

ಅಕ್ಕ ಅವಳ ಕಡೆ ತಿರುಗಿದಳು. "ನಿಮ್ಮ ಯಜಮಾನ್ರ ರಕ್ತದ ಲೆಕ್ಕ ಇದು. ಆರು ದಾಟಿದ್ರೆ ನಾನು ಓಡಿ ಫೋನ್ ಮಾಡ್ಬೇಕು. ಏಳು ಗಂಟೆ ಆರು ನಿಮಿಷಕ್ಕೆ ಯಂತ್ರ ಹೇಳಿತ್ತು. ನನ್ನ ಪರದೆಗೆ ಬಂದಿದ್ದು ಹತ್ತು ಇಪ್ಪತ್ತಕ್ಕೆ."

"ಮೂರು ಗಂಟೆ," ಎಂದಳು ಬಡಗಿಯ ಹೆಂಡತಿ.

"ಮೂರು ಗಂಟೆ ಹದಿನಾಲ್ಕು ನಿಮಿಷ."

ಆಮೇಲಿನದು ಬೇಗ ಮುಗಿಯಿತು. ತಂಗಿ ಸಹಿ ಇದ್ದ ಕೈಪಿಡಿಯನ್ನು ಮೇಜಿನ ಮೇಲಿಟ್ಟು, ಮೊದಲ ಸಾಲು ಎಸೆಯುವ ಆಜ್ಞೆಯನ್ನು ಬೆರಳಿಟ್ಟು ತೋರಿಸಿದಳು. ಹೊಸ ಟೆಕ್ನಿಶಿಯನ್ ಗೋಡೆಯ ಚೀಟಿಯನ್ನು ಕೊಟ್ಟ. ಅಧ್ಯಕ್ಷೆ ಚೀಟಿಯ ತಾರೀಖನ್ನೂ ವರದಿಯ ತಾರೀಖನ್ನೂ ಎರಡೆರಡು ಸಲ ನೋಡಿದರು.

"ವರದಿಗೆ ಸಹಿ ಹಾಕೋವಾಗ ಈ ಸಾಲುಗಳನ್ನ ನೀವು ನೋಡಿದ್ರಾ?"

ಮೇಷ್ಟ್ರು ಪರದೆಯನ್ನೇ ನೋಡುತ್ತಿದ್ದರು. "ನೋಡಿದ್ದೆ," ಎಂದರು.

"ಅವರ ಹೇಳಿಕೆ ಹಾಗೇ ಬರ್ಕೊಳ್ಳಿ," ಎಂದು ಅಧ್ಯಕ್ಷೆ ಗುಮಾಸ್ತನಿಗೆ ಹೇಳಿದರು.

ಹನ್ನೆರಡು ಹತ್ತಕ್ಕೆ ಅಕ್ಕನ ನೋಂದಣಿಯ ಅಮಾನತು ರದ್ದಾಯಿತು. ಹಜಾರದಲ್ಲಿ ಮೇಷ್ಟ್ರು ಬೆಂಚಿನ ಮೇಲೆ ಕೂತಿದ್ದರು, ಕೈಗಳು ಮಂಡಿಯ ಮೇಲೆ. ತಂಗಿ ಅವರ ಎದುರು ನಿಂತಳು. ಹೇಳಬೇಕೆಂದು ಇಪ್ಪತ್ತೆರಡು ದಿನದಿಂದ ಮಸೆದಿಟ್ಟುಕೊಂಡ ಮಾತುಗಳು ಅವಳ ಬಳಿ ಬೇಕಾದಷ್ಟಿದ್ದವು.

"ಬಾರೇ," ಅಕ್ಕ ಕರೆದಳು. "ಬಿದ್ದೋರನ್ನ ಇನ್ನೇನು ಬೀಳಿಸ್ತೀಯ."

"ನೀನು ನೀರೂ ಕೊಡ್ಲಿಲ್ಲ, ಈಗ ನನಗೆ ಬುದ್ಧಿ ಹೇಳ್ತೀಯ."

"ಆಗ ಅವರು ನಿಂತಿದ್ರು ಕಣೇ."

ಬಡಗಿಯ ಹೆಂಡತಿ ಮೆಟ್ಟಿಲ ಬಳಿ ಕಾದಿದ್ದಳು. ಅಕ್ಕನ ಕೈ ಹಿಡಿಯಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. "ದೂರು ಕೊಡೋಕೆ ಯಾರ ಹತ್ರ ಹೋಗ್ಬೇಕು?" ಎಂದಷ್ಟೇ ಕೇಳಿದಳು. ಅಕ್ಕ ಜಾಗ ಹೇಳಿದಳು, ತಾನೂ ಬರುತ್ತೇನೆ ಎಂದಳು.

ಮರುದಿನ ಬೆಳಿಗ್ಗೆ ಹತ್ತೂ ಕಾಲಿಗೆ ಪೊಲೀಸ್ ಠಾಣೆಯಲ್ಲಿ ಮೇಷ್ಟ್ರ ಮೇಲೆ ದೂರು ದಾಖಲಾಯಿತು. ಅಕ್ಕ ಸಾಕ್ಷಿಯಾಗಿ ಸಹಿ ಹಾಕಿದಳು. ಆ ಸಹಿಯನ್ನು ಅವಳು ಎರಡನೇ ಸಲ ನೋಡಲಿಲ್ಲ.